ಹವಳದ ದಿಬ್ಬಗಳ ಮೇಲೆ ಮಾನವ ಚಟುವಟಿಕೆಗಳ ಪರಿಣಾಮ: ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳ ಸಾರ್ವಜನಿಕರ ಮಾಹಿತಿಗಾಗಿ

1. ಪೀಠಿಕೆ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳು ಕಾವೇರಿ ಜಲಾನಯನ ಪ್ರದೇಶಕ್ಕೆ ಸೇರಿದ ಒಳನಾಡಿನ ತಾಲ್ಲೂಕುಗಳಾಗಿದ್ದು, ಸಮುದ್ರ ತೀರವನ್ನು ಹೊಂದಿರುವುದಿಲ್ಲ. ಶ್ರೀರಂಗಪಟ್ಟಣದಿಂದ ಮಂಗಳೂರಿಗೆ ರಸ್ತೆಯ ಮೂಲಕ ಸುಮಾರು 250 ಕಿ.ಮೀ. ದೂರವಿದೆ. ಹೀಗಿರುವಾಗ ಸಮುದ್ರದೊಳಗಿನ ಹವಳದ ದಿಬ್ಬಗಳ ವಿಷಯವನ್ನು ಈ ತಾಲ್ಲೂಕುಗಳ ಜನರಿಗೆ ತಿಳಿಸುವ ಅಗತ್ಯವೇನು ಎಂಬ ಪ್ರಶ್ನೆ ಉದ್ಭವಿಸುವುದು ಸಹಜ.

ಇದಕ್ಕೆ ಎರಡು ಕಾರಣಗಳಿವೆ. ಮೊದಲನೆಯದಾಗಿ, ಅರಬ್ಬೀ ಸಮುದ್ರದ ಕೆಲವು ಹವಳದ ದ್ವೀಪಗಳು ಒಂದು ಕಾಲದಲ್ಲಿ ಶ್ರೀರಂಗಪಟ್ಟಣದ ಆಡಳಿತಕ್ಕೆ ಒಳಪಟ್ಟಿದ್ದವು. ಎರಡನೆಯದಾಗಿ, ಇಂದು ಹವಳಕ್ಕೆ ಒದಗಿರುವ ಅತಿ ದೊಡ್ಡ ಅಪಾಯವು ಕಡಲ ತೀರದಲ್ಲಿ ಮಾತ್ರ ಹುಟ್ಟುತ್ತಿಲ್ಲ; ಭೂಮಿಯ ಮೇಲೆ ಎಲ್ಲಿ ಇಂಧನ ಉರಿಯುತ್ತದೆಯೋ ಅಲ್ಲೆಲ್ಲಾ ಹುಟ್ಟುತ್ತಿದೆ. ನಮ್ಮ ಕಾವೇರಿಯ ನೀರು ಬಂಗಾಳ ಕೊಲ್ಲಿಯನ್ನು ಸೇರುವುದರಿಂದ ಅದು ಆ ದ್ವೀಪಗಳನ್ನು ತಲುಪುವುದಿಲ್ಲ. ಆದರೆ ನಮ್ಮ ಹೊಗೆಯ ಪರಿಣಾಮ ತಲುಪುತ್ತದೆ. ಈ ಹಿನ್ನೆಲೆಯಲ್ಲಿ ವಿಷಯವನ್ನು ಸರಳವಾಗಿ ವಿವರಿಸುವುದು ಈ ಲೇಖನದ ಉದ್ದೇಶವಾಗಿರುತ್ತದೆ.

2. ಶ್ರೀರಂಗಪಟ್ಟಣ ಮತ್ತು ಅಮಿನಿದಿವಿ ದ್ವೀಪಗಳು

ಇಂದಿನ ಲಕ್ಷದ್ವೀಪ ಕೇಂದ್ರಾಡಳಿತ ಪ್ರದೇಶದ ಉತ್ತರ ಭಾಗದಲ್ಲಿರುವ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್ ಮತ್ತು ಬಿತ್ರಾ ದ್ವೀಪಗಳನ್ನು ಒಟ್ಟಾಗಿ ಅಮಿನಿದಿವಿ ದ್ವೀಪಗಳೆಂದು ಕರೆಯಲಾಗುತ್ತಿತ್ತು. ಇವು ಕಣ್ಣೂರಿನ ಅರಕ್ಕಲ್ ಮನೆತನದ ಅಧೀನದಲ್ಲಿದ್ದು, 18ನೇ ಶತಮಾನದ ಕೊನೆಯ ಭಾಗದಲ್ಲಿ ದ್ವೀಪವಾಸಿಗಳ ಕೋರಿಕೆಯ ಮೇರೆಗೆ ಟಿಪ್ಪು ಸುಲ್ತಾನನ ಆಡಳಿತಕ್ಕೆ ಬಂದವು. ಕಡಲನ್ನೇ ಕಾಣದ ಶ್ರೀರಂಗಪಟ್ಟಣವು ಹೀಗೆ ಕೆಲವು ವರ್ಷಗಳ ಕಾಲ ಹವಳದ ದ್ವೀಪಗಳ ರಾಜಧಾನಿಯೂ ಆಗಿತ್ತು.

1799ರ ಮೇ 4ರಂದು ಶ್ರೀರಂಗಪಟ್ಟಣ ಪತನವಾದ ನಂತರ ಈ ದ್ವೀಪಗಳು ಈಸ್ಟ್ ಇಂಡಿಯಾ ಕಂಪನಿಯ ವಶವಾಗಿ, ಮಂಗಳೂರಿನಿಂದ ಆಡಳಿತ ನಡೆಸುತ್ತಿದ್ದ ಕೆನರಾ ಜಿಲ್ಲೆಗೆ ಸೇರಿದವು. ದ್ವೀಪಗಳ ತೆಂಗಿನ ನಾರು ಮಂಗಳೂರಿಗೆ ಬರುತ್ತಿದ್ದು, ಅದಕ್ಕೆ ಪ್ರತಿಯಾಗಿ ಅಕ್ಕಿಯು ದ್ವೀಪಗಳಿಗೆ ಹೋಗುತ್ತಿತ್ತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ದಕ್ಷಿಣ ಕನ್ನಡವು ಮೈಸೂರು ರಾಜ್ಯಕ್ಕೆ ಸೇರಿತು. ಅಮಿನಿದಿವಿ ದ್ವೀಪಗಳು ಅದರಿಂದ ಬೇರ್ಪಟ್ಟು ಹೊಸ ಕೇಂದ್ರಾಡಳಿತ ಪ್ರದೇಶದ ಭಾಗವಾದವು. ಆ ಪ್ರದೇಶಕ್ಕೆ ಲಕ್ಷದ್ವೀಪ ಎಂಬ ಹೆಸರನ್ನು 1973ರಲ್ಲಿ ಇಡಲಾಯಿತು.

ಲಕ್ಷದ್ವೀಪದ ಒಟ್ಟು ಭೂಭಾಗ ಕೇವಲ 32 ಚದರ ಕಿ.ಮೀ. ಆಗಿದೆ. 2011ರ ಜನಗಣತಿಯ ಪ್ರಕಾರ ಜನಸಂಖ್ಯೆ 64,473. ಈ ದ್ವೀಪಗಳಲ್ಲಿ ಬೆಟ್ಟವಿಲ್ಲ, ಹೊಳೆಯಿಲ್ಲ. ಅಲ್ಲಿನ ಜನರ ಕಾಲ ಕೆಳಗಿನ ನೆಲವು ಹವಳವೇ ಕಟ್ಟಿದ ನೆಲವಾಗಿರುತ್ತದೆ.

3. ಹವಳ ಎಂದರೇನು?

ಹವಳವು ಕಲ್ಲಲ್ಲ, ಗಿಡವೂ ಅಲ್ಲ. ಅದು ಪಾಲಿಪ್ ಎಂಬ ಅತಿ ಚಿಕ್ಕ ಜೀವಿಗಳ ಸಮುದಾಯವಾಗಿದೆ. ಪ್ರತಿ ಪಾಲಿಪ್ ಸಮುದ್ರದ ನೀರಿನಿಂದ ಸುಣ್ಣದ ಅಂಶವನ್ನು ಪಡೆದು ತನ್ನ ಸುತ್ತ ಗಟ್ಟಿಯಾದ ಬಟ್ಟಲನ್ನು ಕಟ್ಟಿಕೊಳ್ಳುತ್ತದೆ. ಒಂದು ತಲೆಮಾರು ಕಟ್ಟಿದ ಸುಣ್ಣದ ಮೇಲೆ ಮುಂದಿನ ತಲೆಮಾರು ಕಟ್ಟುತ್ತಾ ಹೋಗುತ್ತದೆ. ಗುಂಡುಕಲ್ಲಿನ ಆಕಾರದ ಹವಳವು ವರ್ಷಕ್ಕೆ ಸಾಮಾನ್ಯವಾಗಿ ಒಂದೆರಡು ಸೆಂ.ಮೀ.ಗಿಂತ ಹೆಚ್ಚು ಬೆಳೆಯುವುದಿಲ್ಲ. ಹೀಗೆ ಸಾವಿರಾರು ವರ್ಷಗಳಲ್ಲಿ ನಿರ್ಮಾಣವಾಗುವ ರಚನೆಯೇ ಹವಳದ ದಿಬ್ಬ. ಉಂಗುರದ ಆಕಾರದ ದಿಬ್ಬವನ್ನು ಅಟಾಲ್ ಎಂದೂ, ಅದರ ಒಳಗಿನ ಶಾಂತವಾದ ಆಳವಿಲ್ಲದ ನೀರನ್ನು ಲಗೂನ್ ಎಂದೂ ಕರೆಯಲಾಗುತ್ತದೆ. ಲಕ್ಷದ್ವೀಪದ ದ್ವೀಪಗಳು ಬಹುತೇಕ ಇಂತಹ ಅಟಾಲ್‌ಗಳ ಅಂಚಿನಲ್ಲಿರುವ ಮರಳಿನ ದಿಣ್ಣೆಗಳಾಗಿವೆ.

ಪಾಲಿಪ್‌ನ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಪಾಚಿ ವಾಸಿಸುತ್ತದೆ. ಇವೆರಡರ ಸಂಬಂಧವು ನಮ್ಮ ಕಡೆ ಜಮೀನನ್ನು ವಾರಕ್ಕೆ ಮಾಡುವ ಪದ್ಧತಿಯನ್ನು ಹೋಲುತ್ತದೆ. ಹವಳವು ಪಾಚಿಗೆ ನೆಲೆಯನ್ನೂ ಗೊಬ್ಬರದ ಅಂಶವನ್ನೂ ಕೊಡುತ್ತದೆ. ಪಾಚಿಯು ಬಿಸಿಲಿನಲ್ಲಿ ಆಹಾರವನ್ನು ತಯಾರಿಸಿ ಹವಳಕ್ಕೆ ಪಾಲು ಕೊಡುತ್ತದೆ. ಹವಳಕ್ಕೆ ಬೇಕಾದ ಶಕ್ತಿಯಲ್ಲಿ ಶೇ. 90ರವರೆಗೂ ಈ ಪಾಲಿನಿಂದಲೇ ದೊರೆಯುತ್ತದೆ. ಹವಳದ ಬಣ್ಣಕ್ಕೂ ಬಹುಮಟ್ಟಿಗೆ ಈ ಪಾಚಿಯೇ ಕಾರಣ. ಆದ್ದರಿಂದ ಹವಳವು ಬದುಕಲು ಬಿಸಿಲು ಇಳಿಯುವಷ್ಟು ತಿಳಿಯಾದ, ಉಪ್ಪಾದ, ಬೆಚ್ಚಗಿನ ಆದರೆ ಅತಿಯಾಗಿ ಬಿಸಿಯಾಗದ ನೀರು ಅವಶ್ಯಕ. ದೊಡ್ಡ ನದಿಗಳ ಮುಖದಲ್ಲಿ ಸಿಹಿನೀರು ಮತ್ತು ಹೂಳು ಸೇರುವುದರಿಂದ ಅಲ್ಲಿ ಹವಳದ ದಿಬ್ಬ ಸಾಮಾನ್ಯವಾಗಿ ಬೆಳೆಯುವುದಿಲ್ಲ.

ಸೂಚನೆ: ಆಭರಣಗಳಲ್ಲಿ ಬಳಸುವ, ನವರತ್ನಗಳಲ್ಲಿ ಒಂದಾದ ಕೆಂಪು ಹವಳವು ಬೇರೆ ಗುಂಪಿಗೆ ಸೇರಿದ್ದಾಗಿದೆ. ಅದು ಮುಖ್ಯವಾಗಿ ಮೆಡಿಟರೇನಿಯನ್ ಸಮುದ್ರದ ಮಬ್ಬು ಬೆಳಕಿನ ಆಳದಲ್ಲಿ ಬೆಳೆಯುತ್ತದೆ, ದಿಬ್ಬವನ್ನು ಕಟ್ಟುವುದಿಲ್ಲ. ಈ ಲೇಖನವು ದಿಬ್ಬ ಕಟ್ಟುವ ಹವಳಗಳಿಗೆ ಸಂಬಂಧಿಸಿರುತ್ತದೆ.

4. ಹವಳದ ದಿಬ್ಬಗಳ ಉಪಯುಕ್ತತೆ

(ಅ) ಸಮುದ್ರ ತಳದ ಶೇ. 1ಕ್ಕಿಂತಲೂ ಕಡಿಮೆ ಭಾಗದಲ್ಲಿರುವ ಈ ದಿಬ್ಬಗಳು ಸಮುದ್ರ ಜೀವಿಗಳ ಸುಮಾರು ಕಾಲು ಭಾಗದಷ್ಟು ಪ್ರಭೇದಗಳಿಗೆ ಆಶ್ರಯ ನೀಡಿವೆ. ರಂಗನತಿಟ್ಟಿನ ಕೆಲವೇ ಕಿರುದ್ವೀಪಗಳಲ್ಲಿ ಸಾವಿರಾರು ಹಕ್ಕಿಗಳು ಗೂಡು ಕಟ್ಟುವುದನ್ನು ಕಂಡವರಿಗೆ, ಸ್ವಲ್ಪ ಜಾಗ ಅನೇಕ ಜೀವಗಳನ್ನು ಹೇಗೆ ಪೊರೆಯಬಲ್ಲದು ಎಂಬುದನ್ನು ವಿವರಿಸಬೇಕಾಗಿಲ್ಲ.

(ಆ) ದಿಬ್ಬಗಳು ದಡಕ್ಕೆ ಬರುವ ಅಲೆಗಳ ಶಕ್ತಿಯ ಬಹುಪಾಲನ್ನು ತಡೆಯುತ್ತವೆ. ಚಂಡಮಾರುತದ ಸಮಯದಲ್ಲಿ ತಗ್ಗಾದ ದ್ವೀಪಗಳಿಗೆ ಇದೇ ತಡೆಗೋಡೆ.

(ಇ) ಪ್ರಪಂಚದ 50 ಕೋಟಿಗೂ ಹೆಚ್ಚು ಜನರು ಆಹಾರ, ದುಡಿಮೆ ಅಥವಾ ರಕ್ಷಣೆಗಾಗಿ ಇವುಗಳನ್ನು ಅವಲಂಬಿಸಿರುತ್ತಾರೆ. ಲಕ್ಷದ್ವೀಪದಲ್ಲಿ ಗಾಳದ ಕೋಲಿನಿಂದ ಟ್ಯೂನಾ ಮೀನು ಹಿಡಿಯುವವರು ಆ ಮೀನನ್ನು ಆಕರ್ಷಿಸಲು ಬೇಕಾದ ಸಣ್ಣ ಜೀವಂತ ಮೀನುಗಳನ್ನು ಲಗೂನ್‌ಗಳಿಂದಲೇ ಪಡೆಯುತ್ತಾರೆ.

(ಈ) ಹವಳದ ದ್ವೀಪಗಳಲ್ಲಿ ಮಳೆಯ ಸಿಹಿನೀರು ಮರಳಿನಲ್ಲಿ ಇಂಗಿ, ಕೆಳಗಿನ ಉಪ್ಪುನೀರಿನ ಮೇಲೆ ತೆಳುವಾದ ಪದರವಾಗಿ ನಿಂತಿರುತ್ತದೆ. ಬಾವಿಗಳಿಗೆ ಇದೇ ಆಧಾರ. ದಡ ಕೊರೆದು ಸಮುದ್ರ ಒಳಬಂದಲ್ಲಿ ಮೊದಲು ಕೆಡುವುದು ಕುಡಿಯುವ ನೀರು.

5. ದಿಬ್ಬದ ಜಮಾ-ಖರ್ಚು

ಹವಳದ ದಿಬ್ಬದ ಸ್ಥಿತಿಯನ್ನು ಒಂದು ಲೆಕ್ಕಪುಸ್ತಕದಂತೆ ನೋಡಿದಲ್ಲಿ ವಿಷಯವು ಸ್ಪಷ್ಟವಾಗುತ್ತದೆ. ಜೀವಂತ ಹವಳವು ಪ್ರತಿ ವರ್ಷ ಕಟ್ಟುವ ಸುಣ್ಣವು ಜಮಾ. ಅಲೆ ಮತ್ತು ಬಿರುಗಾಳಿಯ ಹೊಡೆತ, ಸುಣ್ಣವನ್ನು ಕೊರೆಯುವ ಜೀವಿಗಳು, ಹವಳವನ್ನು ಕೆರೆದು ತಿನ್ನುವ ಗಿಳಿಮೀನು ಮುಂತಾದವುಗಳಿಂದ ಆಗುವ ಸವೆತವು ಖರ್ಚು. ಈ ಖರ್ಚು ವ್ಯರ್ಥವಲ್ಲ. ಸವೆದ ಸುಣ್ಣವೇ ಪುಡಿಯಾಗಿ ದ್ವೀಪದ ಬಿಳಿ ಮರಳಾಗುತ್ತದೆ. ಆರೋಗ್ಯವಂತ ದಿಬ್ಬದಲ್ಲಿ ಜಮಾ ಖರ್ಚಿಗಿಂತ ಸ್ವಲ್ಪ ಹೆಚ್ಚಿರುತ್ತದೆ. ಆ ಉಳಿತಾಯದಿಂದಲೇ ದಿಬ್ಬವು ಸಮುದ್ರ ಮಟ್ಟಕ್ಕೆ ಸರಿಯಾಗಿ ಮೇಲೇರುತ್ತಾ ಬಂದಿದೆ.

ಹವಳ ಸತ್ತಾಗ ಜಮಾ ನಿಲ್ಲುತ್ತದೆ, ಖರ್ಚು ನಿಲ್ಲುವುದಿಲ್ಲ. ದಿಬ್ಬವು ಹೊರನೋಟಕ್ಕೆ ಕೆಲವು ವರ್ಷ ಹಾಗೆಯೇ ನಿಂತಿದ್ದರೂ ಅದು ಅಸಲನ್ನು ತಿನ್ನುತ್ತಿರುವ ಮನೆತನದಂತೆ ಒಳಗಿನಿಂದ ಕ್ಷೀಣಿಸುತ್ತಿರುತ್ತದೆ. ಮಾನವನ ಚಟುವಟಿಕೆಗಳು ಈ ಲೆಕ್ಕದ ಎರಡೂ ಕಡೆ ಪರಿಣಾಮ ಬೀರುತ್ತವೆ. ಅವುಗಳನ್ನು ಸಮೀಪದ ಕಾರಣಗಳು ಮತ್ತು ದೂರದ ಕಾರಣಗಳು ಎಂದು ವಿಂಗಡಿಸಬಹುದು.

6. ಸಮೀಪದ ಕಾರಣಗಳು

(1) ಹವಳವನ್ನು ಒಡೆದು ತೆಗೆಯುವುದು: ಸುಣ್ಣ ಸುಡಲು, ಮನೆ ಮತ್ತು ರಸ್ತೆ ನಿರ್ಮಿಸಲು, ಅಲಂಕಾರದ ವಸ್ತುವಾಗಿ ಮಾರಲು ಅನೇಕ ಕಡಲ ತೀರಗಳಲ್ಲಿ ಹವಳವನ್ನು ತೆಗೆಯಲಾಗಿದೆ.

(2) ಹೂಳು: ತೀರದಲ್ಲಿ ಕಾಡು ಕಡಿಯುವುದು, ಬಂದರಿಗಾಗಿ ತಳ ಅಗೆಯುವುದು ಮುಂತಾದ ಕಾರಣಗಳಿಂದ ಮಣ್ಣು ಸಮುದ್ರ ಸೇರುತ್ತದೆ. ನಾಗಮಂಗಲ ಮತ್ತು ಕೆ.ಆರ್. ಪೇಟೆ ತಾಲ್ಲೂಕುಗಳ ಕೆರೆಗಳಲ್ಲಿ ಹೂಳು ತುಂಬಿದರೆ ನೀರಿನ ಸಂಗ್ರಹ ಕಡಿಮೆಯಾಗುತ್ತದೆ. ಹವಳದ ಮೇಲೆ ಹೂಳು ಕುಳಿತರೆ ಬಿಸಿಲು ತಪ್ಪಿ, ಉಸಿರು ಕಟ್ಟಿ ಹವಳವೇ ಸಾಯುತ್ತದೆ.

(3) ಗೊಬ್ಬರ ಮತ್ತು ಚರಂಡಿ ನೀರು: ಹೊಲಗಳ ರಾಸಾಯನಿಕ ಗೊಬ್ಬರ ಮತ್ತು ಊರಿನ ಕೊಳಚೆ ಸೇರಿದ ಕೆರೆಯಲ್ಲಿ ಪಾಚಿ ಮತ್ತು ಜಲಕಳೆ ಹಬ್ಬುವುದನ್ನು ಎಲ್ಲರೂ ಕಂಡಿರುತ್ತಾರೆ. ಸಮುದ್ರದಲ್ಲಿಯೂ ಹಾಗೆಯೇ ಆಗುತ್ತದೆ. ಹವಳವು ಗೊಬ್ಬರದ ಅಂಶ ಕಡಿಮೆಯಿರುವ ನೀರಿಗೆ ಒಗ್ಗಿದ ಜೀವಿ. ಗೊಬ್ಬರ ಹೆಚ್ಚಾದಲ್ಲಿ ಹೊರಗಿನ ದಪ್ಪ ಪಾಚಿ ಬೆಳೆದು ಹವಳದ ಜಾಗವನ್ನು ಆಕ್ರಮಿಸುತ್ತದೆ.

(4) ಮಿತಿಮೀರಿದ ಮೀನುಗಾರಿಕೆ: ಪಾಚಿಯನ್ನು ಮೇಯುವ ಮೀನುಗಳು ದಿಬ್ಬದ ಕಳೆ ಕೀಳುವ ಕೂಲಿಕಾರರಿದ್ದಂತೆ. ಅವುಗಳನ್ನು ಹಿಡಿದು ಮುಗಿಸಿದಲ್ಲಿ ಕಳೆ ಉಳಿಯುತ್ತದೆ. ಆಗ್ನೇಯ ಏಷ್ಯಾದ ಕೆಲವು ಕಡೆ ಸಿಡಿಮದ್ದು ಮತ್ತು ಸಯನೈಡ್ ಬಳಸಿ ಮೀನು ಹಿಡಿಯುವುದರಿಂದ ಹವಳಕ್ಕೆ ನೇರ ಹಾನಿಯೂ ಆಗಿದೆ.

(5) ಪ್ರವಾಸೋದ್ಯಮ: ದೋಣಿಗಳ ಲಂಗರು, ಹವಳದ ಮೇಲೆ ಕಾಲೂರುವುದು, ಕಸ, ಕೆಲವು ಬಗೆಯ ಸನ್‌ಸ್ಕ್ರೀನ್ ಲೇಪನಗಳು ಹಾನಿಕಾರಕವಾಗಿವೆ. ಅಮೆರಿಕದ ಹವಾಯಿ ರಾಜ್ಯವು ಅಂತಹ ರಾಸಾಯನಿಕವುಳ್ಳ ಲೇಪನಗಳ ಮಾರಾಟವನ್ನು ನಿಷೇಧಿಸಲು 2018ರಲ್ಲಿ ಕಾನೂನು ಮಾಡಿದ್ದು, ಅದು 2021ರಿಂದ ಜಾರಿಗೆ ಬಂದಿರುತ್ತದೆ.

ಈ ಕಾರಣಗಳು ಒಂದರ ಮೇಲೊಂದು ಕೂಡಿದಾಗ ಆಗುವ ಪರಿಣಾಮಕ್ಕೆ ಕೆರಿಬಿಯನ್ ಸಮುದ್ರದ ಜಮೈಕಾ ದೇಶವು ಉದಾಹರಣೆಯಾಗಿದೆ. ಅಲ್ಲಿ ಪಾಚಿ ಮೇಯುವ ಮೀನುಗಳು ಮೊದಲೇ ಬರಿದಾಗಿದ್ದವು. 1980ರಲ್ಲಿ ಚಂಡಮಾರುತ ಬಂದು ಹವಳ ಮುರಿಯಿತು. 1983-84ರಲ್ಲಿ, ಪಾಚಿಯನ್ನು ಮೇಯುತ್ತಿದ್ದ ಕಡಲ ಮುಳ್ಳುಚೆಂಡುಗಳು ರೋಗದಿಂದ ಸತ್ತವು. ಆಗ ಪಾಚಿಯನ್ನು ತಡೆಯುವವರು ಯಾರೂ ಉಳಿಯಲಿಲ್ಲ. 1970ರ ದಶಕದ ಕೊನೆಯಲ್ಲಿ ಸುಮಾರು ಶೇ. 50ರಷ್ಟಿದ್ದ ಹವಳದ ಹೊದಿಕೆಯು 1990ರ ದಶಕದ ಆರಂಭದ ವೇಳೆಗೆ ಶೇ. 5ಕ್ಕಿಂತ ಕೆಳಗಿಳಿಯಿತು.

7. ಮನ್ನಾರ್ ಕೊಲ್ಲಿಯ ಅನುಭವ

ಸಮೀಪದ ಕಾರಣಗಳನ್ನು ತಡೆದಲ್ಲಿ ಏನಾಗುತ್ತದೆ ಎಂಬುದನ್ನು ತಮಿಳುನಾಡಿನ ಮನ್ನಾರ್ ಕೊಲ್ಲಿಯಲ್ಲಿ ಕಾಣಬಹುದು. ತೂತ್ತುಕುಡಿಯಿಂದ ರಾಮೇಶ್ವರದವರೆಗಿನ 21 ದ್ವೀಪಗಳನ್ನು ಒಳಗೊಂಡಂತೆ 1986ರಲ್ಲಿ ಇಲ್ಲಿ ಸಾಗರ ರಾಷ್ಟ್ರೀಯ ಉದ್ಯಾನವನ್ನು ಘೋಷಿಸಲಾಯಿತು. ಆದರೂ ಸುಣ್ಣ ಮತ್ತು ಕಟ್ಟಡದ ಕೆಲಸಕ್ಕಾಗಿ ಹವಳವನ್ನು ಒಡೆದು ತೆಗೆಯುವುದು ದಶಕಗಳ ಕಾಲ ಮುಂದುವರೆಯಿತು. 21 ದ್ವೀಪಗಳ ಪೈಕಿ ಎರಡು ದ್ವೀಪಗಳು ನೀರಿನಲ್ಲಿ ಮುಳುಗಿಹೋದವು. ಹವಳ ಗಣಿಗಾರಿಕೆಯು ಇದಕ್ಕೆ ಒಂದು ಮುಖ್ಯ ಕಾರಣವೆಂದು ಗುರುತಿಸಲಾಗಿದೆ.

2001ರಲ್ಲಿ ಕಾನೂನು ಬಿಗಿಯಾಯಿತು. 2004ರ ಡಿಸೆಂಬರ್ 26ರ ಸುನಾಮಿಯ ನಂತರ, ದಿಬ್ಬಗಳು ತಮ್ಮ ಊರುಗಳಿಗೆ ರಕ್ಷಣೆ ಎಂಬ ಅರಿವು ತೀರದ ಜನರಲ್ಲಿ ಮೂಡಿ ಗಣಿಗಾರಿಕೆ ನಿಂತಿತು. ಮುಂದಿನ ಕೆಲವು ವರ್ಷಗಳಲ್ಲಿ ಜೀವಂತ ಹವಳದ ಹೊದಿಕೆಯು ಹೆಚ್ಚಿತು. ಅಂದರೆ, ಕೈ ತೆಗೆದರೆ ಹವಳವು ತಾನಾಗಿಯೇ ಚೇತರಿಸಿಕೊಳ್ಳುತ್ತದೆ. ಆದರೆ 2010 ಮತ್ತು 2016ರಲ್ಲಿ ಸಮುದ್ರದ ನೀರು ಬಿಸಿಯಾಗಿ, ಗಳಿಸಿದ್ದು ಮತ್ತೆ ನಷ್ಟವಾಯಿತು. ಈ ಎರಡನೆಯ ನಷ್ಟಕ್ಕೆ ಆ ತೀರದ ಜನರು ಮಾತ್ರ ಕಾರಣರಲ್ಲ.

8. ದೂರದ ಕಾರಣಗಳು

ಕಲ್ಲಿದ್ದಲು, ಪೆಟ್ರೋಲ್, ಡೀಸೆಲ್ ಮುಂತಾದ ಇಂಧನಗಳನ್ನು ಉರಿಸಿದಾಗ ಇಂಗಾಲದ ಡೈಆಕ್ಸೈಡ್ ಅನಿಲವು ವಾತಾವರಣವನ್ನು ಸೇರುತ್ತದೆ. ಕೈಗಾರಿಕಾ ಯುಗಕ್ಕೆ ಮೊದಲು ಗಾಳಿಯ ಪ್ರತಿ ಹತ್ತು ಲಕ್ಷ ಭಾಗದಲ್ಲಿ ಸುಮಾರು 280 ಭಾಗವಿದ್ದ ಈ ಅನಿಲವು ಇಂದು 420 ಭಾಗವನ್ನು ಮೀರಿದೆ. ಇದರಿಂದ ಭೂಮಿಯಲ್ಲಿ ಉಳಿಯುವ ಹೆಚ್ಚುವರಿ ಶಾಖದ ಶೇ. 90ರಷ್ಟನ್ನು ಸಮುದ್ರಗಳೇ ಹೀರಿಕೊಂಡಿವೆ.

ತಾಪ: ಬೇಸಿಗೆಯ ವಾಡಿಕೆಯ ಗರಿಷ್ಠ ಉಷ್ಣಾಂಶಕ್ಕಿಂತ ಕೇವಲ 1 ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚಾಗಿ ನಾಲ್ಕಾರು ವಾರ ಹಾಗೆಯೇ ಉಳಿದಲ್ಲಿ ಹವಳ ಮತ್ತು ಪಾಚಿಯ ಒಡಂಬಡಿಕೆ ಮುರಿಯುತ್ತದೆ. ಹವಳವು ಪಾಚಿಯನ್ನು ಹೊರಹಾಕುತ್ತದೆ. ಬಣ್ಣ ಹೋಗಿ ಒಳಗಿನ ಬಿಳಿ ಸುಣ್ಣ ಕಾಣಿಸುತ್ತದೆ. ಇದನ್ನು ಹವಳದ ಬಿಳಿಚುವಿಕೆ ಎನ್ನಲಾಗುತ್ತದೆ. ಬಿಳಿಚಿದ ಹವಳವು ಸತ್ತಿರುವುದಿಲ್ಲ, ಹಸಿದಿರುತ್ತದೆ. ನೀರು ಬೇಗ ತಣ್ಣಗಾದಲ್ಲಿ ಪಾಚಿ ಮರಳಿ ಬಂದು ಹವಳ ಉಳಿಯುತ್ತದೆ, ಇಲ್ಲವಾದಲ್ಲಿ ಸಾಯುತ್ತದೆ.

ಆಮ್ಲೀಯತೆ: ನಾವು ಬಿಡುವ ಇಂಗಾಲದ ಡೈಆಕ್ಸೈಡ್‌ನ ಸುಮಾರು ಕಾಲು ಭಾಗ ಸಮುದ್ರದ ನೀರಿನಲ್ಲಿ ಕರಗುತ್ತದೆ. ಇದರಿಂದ ನೀರಿನ ಆಮ್ಲೀಯತೆಯು ಕೈಗಾರಿಕಾ ಯುಗಕ್ಕೆ ಮೊದಲಿದ್ದುದಕ್ಕಿಂತ ಸುಮಾರು ಶೇ. 30ರಷ್ಟು ಹೆಚ್ಚಿದ್ದು, ಹವಳಕ್ಕೆ ಸುಣ್ಣ ಕಟ್ಟುವ ಕೆಲಸ ಕಷ್ಟವಾಗುತ್ತಿದೆ. ಲೆಕ್ಕದ ಭಾಷೆಯಲ್ಲಿ ಹೇಳುವುದಾದರೆ, ಜಮಾ ತಗ್ಗಿ ಖರ್ಚು ಏರುತ್ತಿದೆ.

ಪ್ರಪಂಚದಾದ್ಯಂತ ಏಕಕಾಲಕ್ಕೆ ಹವಳ ಬಿಳಿಚಿದ ಪ್ರಸಂಗಗಳು ನಾಲ್ಕು:

- ಮೊದಲನೆಯದು: 1998
- ಎರಡನೆಯದು: 2010
- ಮೂರನೆಯದು: 2014ರಿಂದ 2017
- ನಾಲ್ಕನೆಯದು: 2023ರಲ್ಲಿ ಆರಂಭವಾಗಿ, 2024ರ ಏಪ್ರಿಲ್‌ನಲ್ಲಿ ಅಧಿಕೃತವಾಗಿ ಪ್ರಕಟವಾದದ್ದು. 2025ರ ವೇಳೆಗೆ ಪ್ರಪಂಚದ ಹವಳದ ದಿಬ್ಬಗಳ ಪೈಕಿ ಶೇ. 80ಕ್ಕೂ ಹೆಚ್ಚು ಪ್ರದೇಶವು ಬಿಳಿಚುವ ಮಟ್ಟದ ತಾಪಕ್ಕೆ ಒಳಗಾಗಿತ್ತು.

ಆಸ್ಟ್ರೇಲಿಯಾದ 2,300 ಕಿ.ಮೀ. ಉದ್ದದ ಗ್ರೇಟ್ ಬ್ಯಾರಿಯರ್ ರೀಫ್ 1998 ಮತ್ತು 2002ರಲ್ಲಿ ವ್ಯಾಪಕವಾಗಿ ಬಿಳಿಚಿತ್ತು. ನಂತರ 2016, 2017, 2020, 2022, 2024 ಮತ್ತು 2025ರಲ್ಲಿಯೂ ಬಿಳಿಚಿದೆ. ಇಲ್ಲಿ ಗಮನಿಸಬೇಕಾದುದು ಸಂಖ್ಯೆಗಿಂತ ಅವುಗಳ ನಡುವಿನ ಅಂತರ. 2021ರಲ್ಲಿ ಪ್ರಕಟವಾದ ಜಾಗತಿಕ ವರದಿಯ ಪ್ರಕಾರ 2009ರಿಂದ 2018ರವರೆಗಿನ ಅವಧಿಯಲ್ಲಿ ಪ್ರಪಂಚದ ಹವಳದ ಶೇ. 14ರಷ್ಟು ನಷ್ಟವಾಗಿದೆ. ಭೂಮಿಯ ಸರಾಸರಿ ಉಷ್ಣಾಂಶವು ಕೈಗಾರಿಕಾ ಯುಗಕ್ಕೆ ಮೊದಲಿದ್ದುದಕ್ಕಿಂತ 1.5 ಡಿಗ್ರಿ ಏರಿದಲ್ಲಿ ಬಿಸಿ ವಲಯದ ಹವಳದ ದಿಬ್ಬಗಳು ಶೇ. 70ರಿಂದ 90ರಷ್ಟು, 2 ಡಿಗ್ರಿ ಏರಿದಲ್ಲಿ ಶೇ. 99ಕ್ಕೂ ಹೆಚ್ಚು ನಶಿಸಬಹುದೆಂದು ಹವಾಮಾನ ಬದಲಾವಣೆ ಕುರಿತ ಅಂತರ ಸರ್ಕಾರಿ ಸಮಿತಿಯು 2018ರಲ್ಲಿ ಎಚ್ಚರಿಸಿದೆ.

9. ಲಕ್ಷದ್ವೀಪದ ಇಂದಿನ ಸ್ಥಿತಿ

ಲಕ್ಷದ್ವೀಪದ ಹವಳವು 1998, 2010 ಮತ್ತು 2016ರಲ್ಲಿ ತಾಪದ ಹೊಡೆತಕ್ಕೆ ಸಿಕ್ಕಿತು. ಮೈಸೂರಿನಲ್ಲಿ ಸ್ಥಾಪಿತವಾದ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಸಂಸ್ಥೆಯ ಸಂಶೋಧಕರು ಅಗತ್ತಿ, ಕಡಮತ್ ಮತ್ತು ಕವರತ್ತಿ ದ್ವೀಪಗಳ ದಿಬ್ಬಗಳನ್ನು 1998ರಿಂದ ಗಮನಿಸುತ್ತಾ ಬಂದಿದ್ದು, 2025ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 24 ವರ್ಷಗಳಲ್ಲಿ ಜೀವಂತ ಹವಳದ ಹೊದಿಕೆಯು ಸುಮಾರು ಶೇ. 37ರಿಂದ ಶೇ. 19ರ ಆಸುಪಾಸಿಗೆ ಇಳಿದಿದೆ. ಚೇತರಿಕೆಯು ವೇಗ ಪಡೆಯಬೇಕಾದರೆ ತಾಪವಿಲ್ಲದ ಸುಮಾರು ಆರು ವರ್ಷಗಳ ಬಿಡುವು ಬೇಕಾಗುತ್ತದೆ ಎಂಬುದು ಈ ಅಧ್ಯಯನದ ಮುಖ್ಯ ಅಂಶ.

2024ರ ಬೇಸಿಗೆಯಲ್ಲಿ ಮತ್ತೆ ಲಕ್ಷದ್ವೀಪದ ಹವಳವು ತೀವ್ರವಾಗಿ ಬಿಳಿಚಿತೆಂದು ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯು ತಿಳಿಸಿದೆ. 2023ರ ಅಕ್ಟೋಬರ್‌ನಿಂದಲೇ ಅಲ್ಲಿ ಸಮುದ್ರದ ಶಾಖದ ಅಲೆ ಆರಂಭವಾಗಿತ್ತು. ಹಳೆಯ ಸಾಲ ತೀರುವ ಮೊದಲೇ ಹೊಸ ಸಾಲ ಬಂದಂತೆ, ಒಂದು ಹೊಡೆತದಿಂದ ಪೂರ್ಣ ಸುಧಾರಿಸುವ ಮೊದಲೇ ಇನ್ನೊಂದು ಬಂದಿದೆ.

ಬಂಗಾರಂ ಅಟಾಲ್‌ಗೆ ಸೇರಿದ, ಜನವಸತಿಯಿಲ್ಲದ ಪರಳಿ-1 ಎಂಬ ಕಿರುದ್ವೀಪವು ಕೊರೆತದಿಂದ ಸಂಪೂರ್ಣವಾಗಿ ಕಣ್ಮರೆಯಾಗಿರುವುದು 2017ರಲ್ಲಿ ಬೆಳಕಿಗೆ ಬಂದಿತು. ಅಮಿನಿ ಮತ್ತು ಕಡಮತ್ ದ್ವೀಪಗಳಲ್ಲಿ ಮನೆ, ಶಾಲೆ, ಮಸೀದಿ, ತೆಂಗಿನ ತೋಟಗಳಿವೆ. ಅಣೆಕಟ್ಟೆಯ ಏರಿಯ ಮೇಲೆ ಬಿರುಕು ಕಂಡಾಗ ಅಚ್ಚುಕಟ್ಟಿನ ರೈತರಿಗೆ ಆಗುವ ಆತಂಕವನ್ನು ನಾವು ಬಲ್ಲೆವು. ಅಲ್ಲಿನ ಜನರಿಗೆ ದಿಬ್ಬವೇ ಏರಿ.

10. ಕರ್ನಾಟಕದ ಹವಳ: ನೇತ್ರಾಣಿ

ನಮ್ಮ ರಾಜ್ಯದಲ್ಲಿಯೂ ಹವಳವಿದೆ. ಉತ್ತರ ಕನ್ನಡ ಜಿಲ್ಲೆಯ ಭಟ್ಕಳ ತಾಲ್ಲೂಕಿನ ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರದಲ್ಲಿರುವ ನೇತ್ರಾಣಿ ದ್ವೀಪದ ಸುತ್ತ ಹವಳ ಮತ್ತು ಬಣ್ಣಬಣ್ಣದ ಮೀನುಗಳು ಕಂಡುಬರುತ್ತವೆ. ಪಾರಿವಾಳ ದ್ವೀಪವೆಂದೂ ಕರೆಯಲ್ಪಡುವ ಈ ದ್ವೀಪವು ಬಿಳಿಹೊಟ್ಟೆಯ ಕಡಲ ಹದ್ದಿನ ನೆಲೆಯೂ ಹೌದು. ಮಳೆಗಾಲದಲ್ಲಿ ಘಟ್ಟದ ನದಿಗಳು ತರುವ ಮಣ್ಣಿನಿಂದ ತೀರದ ನೀರು ಕಲಕಿರುವುದರಿಂದ, ತೀರದಿಂದ ದೂರದ ಈ ದ್ವೀಪದ ಸುತ್ತಲಿನ ನೀರು ಹವಳಕ್ಕೆ ಅನುಕೂಲಕರವಾಗಿದೆ.

ನೇತ್ರಾಣಿಯನ್ನು ಅನೇಕ ವರ್ಷಗಳ ಕಾಲ ನೌಕಾಪಡೆಯ ಗುರಿ ಅಭ್ಯಾಸಕ್ಕೆ ಬಳಸಲಾಗಿದ್ದು, ಜೀವಿವೈವಿಧ್ಯದ ದೃಷ್ಟಿಯಿಂದ ಇದಕ್ಕೆ ಆಕ್ಷೇಪಣೆಗಳು ವ್ಯಕ್ತವಾಗಿದ್ದವು. ಈಗ ಅಲ್ಲಿ ಸ್ಕೂಬಾ ಡೈವಿಂಗ್ ಪ್ರವಾಸೋದ್ಯಮ ಬೆಳೆದಿದೆ. ನಮ್ಮ ತಾಲ್ಲೂಕುಗಳಿಂದ ಮುರುಡೇಶ್ವರಕ್ಕೆ ಯಾತ್ರೆ ಹೋಗುವವರ ಪೈಕಿ ಯುವಜನರು ಇದರಲ್ಲಿ ಆಸಕ್ತಿ ತೋರುವುದುಂಟು. ಅವರ ಗಮನಕ್ಕಾಗಿ:

- ಹವಳವನ್ನು ಮುಟ್ಟಬಾರದು, ಅದರ ಮೇಲೆ ನಿಲ್ಲಬಾರದು. ಒಂದು ಕ್ಷಣದ ಕಾಲ್ತುಳಿತವು ಹತ್ತಾರು ವರ್ಷಗಳ ಬೆಳವಣಿಗೆಯನ್ನು ಮುರಿಯಬಹುದು.
- ಹವಳದ ತುಂಡು ಅಥವಾ ಜೀವಂತ ಶಂಖ, ಚಿಪ್ಪುಗಳನ್ನು ನೆನಪಿಗಾಗಿ ತರಬಾರದು, ಕೊಳ್ಳಬಾರದು.
- ಪ್ಲಾಸ್ಟಿಕ್ ಬಾಟಲಿ, ತಿಂಡಿಯ ಪೊಟ್ಟಣಗಳನ್ನು ದೋಣಿಯಿಂದ ಎಸೆಯಬಾರದು.

11. ಕಾನೂನಿನ ರಕ್ಷಣೆ

(1) ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರ ಮೊದಲನೇ ಅನುಸೂಚಿಗೆ 2001ರಲ್ಲಿ ದಿಬ್ಬ ಕಟ್ಟುವ ಹವಳಗಳನ್ನು ಸೇರಿಸಲಾಯಿತು. ಅವುಗಳನ್ನು ಸಂಗ್ರಹಿಸುವುದು ಮತ್ತು ಮಾರುವುದು ಶಿಕ್ಷಾರ್ಹ ಅಪರಾಧವಾಗಿರುತ್ತದೆ.

(2) ಕರಾವಳಿ ನಿಯಂತ್ರಣ ವಲಯದ 2011 ಮತ್ತು 2019ರ ಅಧಿಸೂಚನೆಗಳಲ್ಲಿ ಹವಳದ ದಿಬ್ಬಗಳನ್ನು ಪರಿಸರ ಸೂಕ್ಷ್ಮ ಪ್ರದೇಶಗಳ ಗುಂಪಿನಲ್ಲಿ ಸೇರಿಸಲಾಗಿದೆ.

ಕಾನೂನು ಸುತ್ತಿಗೆ ಹಿಡಿದ ಕೈಯನ್ನು ತಡೆಯಬಲ್ಲದು. ಬಿಸಿಯಾದ ನೀರಿಗೆ ಯಾವ ಕಾವಲುಗಾರನೂ ಅಡ್ಡ ನಿಲ್ಲಲಾರ. ಆದುದರಿಂದ ಸಮೀಪದ ರಕ್ಷಣೆ ಮತ್ತು ದೂರದ ಹೊಗೆಯ ನಿಯಂತ್ರಣ ಎರಡೂ ಒಟ್ಟಿಗೆ ನಡೆಯಬೇಕಾಗಿದೆ. ಹೂಳು, ಕೊಳಚೆ, ಮಿತಿಮೀರಿದ ಮೀನುಗಾರಿಕೆಗಳಿಂದ ಮುಕ್ತವಾದ ದಿಬ್ಬವು ತಾಪದ ನಂತರ ಚೇತರಿಸಿಕೊಳ್ಳುವ ಸಾಧ್ಯತೆ ಹೆಚ್ಚು. ಆದರೆ ಚೇತರಿಸಿಕೊಳ್ಳಲು ಅದಕ್ಕೆ ಬಿಡುವು ಸಿಗಬೇಕು.

12. ನಮ್ಮ ತಾಲ್ಲೂಕುಗಳಲ್ಲಿ ಮಾಡಬಹುದಾದುದು

ನಾಲ್ಕು ತಾಲ್ಲೂಕುಗಳ ಪ್ರಯತ್ನದಿಂದ ಸಮುದ್ರ ತಣ್ಣಗಾಗುವುದೆಂದು ಹೇಳಲಾಗದು. ಆದರೆ ಈ ಕೆಳಕಂಡ ಕ್ರಮಗಳಿಂದ ರೈತರಿಗೂ ನಮ್ಮ ನದಿ-ಕೆರೆಗಳಿಗೂ ಮೊದಲ ಲಾಭವಿದ್ದು, ದೂರದ ದ್ವೀಪಗಳ ಮೇಲಿನ ಹೊರೆಯೂ ಅಷ್ಟರಮಟ್ಟಿಗೆ ಇಳಿಯುತ್ತದೆ.

(1) ಭತ್ತದ ಗದ್ದೆ: ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನ ಗದ್ದೆಗಳಲ್ಲಿ ಸದಾ ನೀರು ನಿಂತಿದ್ದರೆ ಮಣ್ಣಿನಲ್ಲಿ ಮೀಥೇನ್ ಎಂಬ, ಭೂಮಿಯನ್ನು ಬಿಸಿಯಾಗಿಸುವ ಅನಿಲ ಉತ್ಪತ್ತಿಯಾಗುತ್ತದೆ. ನೀರು ಕಟ್ಟಿ, ಆರಲು ಬಿಟ್ಟು, ಮತ್ತೆ ಕಟ್ಟುವ ಪದ್ಧತಿಯಿಂದ ಮೀಥೇನ್ ಕಡಿಮೆಯಾಗುವುದಲ್ಲದೆ ನೀರೂ ಉಳಿಯುತ್ತದೆ. ಈ ಬಗ್ಗೆ ರೈತ ಸಂಪರ್ಕ ಕೇಂದ್ರಗಳಲ್ಲಿ ವಿಚಾರಿಸಬಹುದು.

(2) ಯೂರಿಯಾ: ಬೆಳೆಗೆ ಬೇಕಾದುದಕ್ಕಿಂತ ಹೆಚ್ಚು ಹಾಕಿದ ಸಾರಜನಕದ ಒಂದು ಭಾಗ ಲೋಕಪಾವನಿ, ಹೇಮಾವತಿ, ಕಾವೇರಿ ನದಿಗಳಿಗೆ ಹರಿದುಹೋಗುತ್ತದೆ. ಇನ್ನೊಂದು ಭಾಗ ನೈಟ್ರಸ್ ಆಕ್ಸೈಡ್ ಆಗಿ ಗಾಳಿ ಸೇರುತ್ತದೆ. ಈ ಅನಿಲದ ಶಾಖವರ್ಧಕ ಶಕ್ತಿಯು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 270 ಪಟ್ಟು ಹೆಚ್ಚು. ಮಣ್ಣು ಪರೀಕ್ಷೆ ಮಾಡಿಸಿ, ಶಿಫಾರಸು ಮಾಡಿದ ಪ್ರಮಾಣದಲ್ಲಿ ಮಾತ್ರ ಹಾಕುವುದು ಸೂಕ್ತ.

(3) ಕಬ್ಬಿನ ತರಗು: ಕಟಾವಿನ ನಂತರ ತರಗಿಗೆ ಬೆಂಕಿ ಹಚ್ಚುವ ಬದಲು ಸಾಲುಗಳ ನಡುವೆ ಹೊದಿಕೆಯಾಗಿ ಹರಡಿದಲ್ಲಿ ತೇವ ಉಳಿದು ಮಣ್ಣು ಫಲವತ್ತಾಗುತ್ತದೆ.

(4) ಆಲೆಮನೆ: ಒಲೆಗೆ ಟೈರ್, ಪ್ಲಾಸ್ಟಿಕ್ ತ್ಯಾಜ್ಯಗಳನ್ನು ಹಾಕದೆ, ಒಣಗಿದ ಕಬ್ಬಿನ ಸಿಪ್ಪೆಯನ್ನೇ ಬಳಸುವುದು.

(5) ವಿದ್ಯುತ್ ಮತ್ತು ವಾಹನ: ದಕ್ಷತೆಯುಳ್ಳ ಪಂಪ್‌ಸೆಟ್, ಸೌರಶಕ್ತಿಯ ಬಳಕೆ, ಸಾರ್ವಜನಿಕ ಸಾರಿಗೆಗೆ ಆದ್ಯತೆ.

(6) ಕಸ: ನದಿಗೆ ಸೇರಿದ ಪ್ಲಾಸ್ಟಿಕ್ ನದಿಯಲ್ಲೇ ನಿಲ್ಲುವುದಿಲ್ಲ. ಪಶ್ಚಿಮವಾಹಿನಿ, ಸಂಗಮ, ಹೇಮಗಿರಿ ಮುಂತಾದ ಸ್ಥಳಗಳಲ್ಲಿ ಪೂಜಾ ಸಾಮಗ್ರಿ, ಬಟ್ಟೆ ಹಾಗೂ ಪ್ಲಾಸ್ಟಿಕ್‌ಗಳನ್ನು ನೀರಿಗೆ ಬಿಡಬಾರದು.

13. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಸತ್ತ ಹವಳದ ದಿಬ್ಬ ಮತ್ತೆ ಜೀವ ಪಡೆಯುವುದೇ?
ಉತ್ತರ: ಪಡೆಯಬಹುದು. ಹವಳದ ಮರಿಗಳು ನೀರಿನಲ್ಲಿ ತೇಲಿಬಂದು ಸ್ವಚ್ಛವಾದ ಗಟ್ಟಿ ಸುಣ್ಣದ ಮೇಲೆ ನೆಲೆಗೊಳ್ಳುತ್ತವೆ. ಇದಕ್ಕೆ ಪಾಚಿ ಮೇಯುವ ಮೀನು, ತಿಳಿಯಾದ ನೀರು ಮತ್ತು ಹಲವು ವರ್ಷಗಳ ಕಾಲಾವಕಾಶ ಅಗತ್ಯ.

ಪ್ರಶ್ನೆ: ಹವಳವನ್ನು ಸಸಿಯಂತೆ ನೆಡಬಹುದೇ?
ಉತ್ತರ: ಹವಳದ ತುಂಡುಗಳನ್ನು ಬೆಳೆಸಿ ನೆಡುವ ಕಾರ್ಯವು ಮನ್ನಾರ್ ಕೊಲ್ಲಿ ಸೇರಿದಂತೆ ಹಲವೆಡೆ ನಡೆದಿದೆ. ಇದು ಸಣ್ಣ ಪ್ರದೇಶಗಳಿಗೆ ಉಪಯುಕ್ತ. ಆದರೆ ನೀರು ಬಿಸಿಯಾಗುತ್ತಲೇ ಇದ್ದಲ್ಲಿ ನೆಟ್ಟ ಹವಳವೂ ಬಿಳಿಚುತ್ತದೆ.

ಪ್ರಶ್ನೆ: ಹವಳದ ಉಂಗುರ ಧರಿಸುವುದು ತಪ್ಪೇ?
ಉತ್ತರ: ಆಭರಣದ ಕೆಂಪು ಹವಳವು ದಿಬ್ಬದ ಹವಳವಲ್ಲ. ಆದರೂ ಮಿತಿಮೀರಿದ ಸಂಗ್ರಹಣೆಯಿಂದ ಅದೂ ವಿರಳವಾಗಿದೆ. ಹೊಸದನ್ನು ಕೊಳ್ಳುವುದಕ್ಕಿಂತ ಮನೆಯಲ್ಲಿರುವ ಹಳೆಯದನ್ನು ಬಳಸುವುದು ಒಳ್ಳೆಯದು.

14. ಮುಕ್ತಾಯ

ಎರಡು ಶತಮಾನಗಳಿಗೂ ಹಿಂದೆ ಅಮಿನಿಯ ಜನರು ತಮ್ಮ ಕಷ್ಟ ಹೇಳಿಕೊಳ್ಳಲು ಸಮುದ್ರ ದಾಟಿ ಮಂಗಳೂರಿಗೆ ಬಂದು, ಶ್ರೀರಂಗಪಟ್ಟಣದ ಆಡಳಿತದ ಆಶ್ರಯ ಕೋರಿದ್ದರು. ಇಂದು ಅವರ ಕಷ್ಟವು ಸಮುದ್ರದ ನೀರಿನ ಉಷ್ಣಾಂಶದಲ್ಲಿ ದಾಖಲಾಗುತ್ತಿದೆ. ಅದಕ್ಕೆ ಕಾರಣವಾದ ಹೊಗೆಯಲ್ಲಿ ಪ್ರಪಂಚದ ಎಲ್ಲ ಊರುಗಳ ಪಾಲೂ ಇದೆ. ದೊಡ್ಡ ಪಾಲು ದೊಡ್ಡ ದೇಶಗಳದ್ದು ಮತ್ತು ಕೈಗಾರಿಕೆಗಳದ್ದಾದರೂ ನಮ್ಮ ಸಣ್ಣ ಪಾಲು ನಮ್ಮದೇ.

ಹವಳದ ದಿಬ್ಬವು ಕೇಳುವುದು ವಿಶೇಷ ಉಪಕಾರವನ್ನಲ್ಲ. ತನ್ನ ಲೆಕ್ಕವನ್ನು ತಾನೇ ಸರಿದೂಗಿಸಿಕೊಳ್ಳಲು ಬೇಕಾದ ಕೆಲವು ವರ್ಷಗಳ ಬಿಡುವನ್ನು ಮಾತ್ರ. ಈ ಮಾಹಿತಿಯನ್ನು ಶಾಲಾ ಶಿಕ್ಷಕರು ವಿದ್ಯಾರ್ಥಿಗಳಿಗೆ, ಸ್ವಸಹಾಯ ಸಂಘಗಳು ಹಾಗೂ ಯುವಕ ಸಂಘಗಳು ತಮ್ಮ ಸದಸ್ಯರಿಗೆ ತಿಳಿಯಪಡಿಸಿ, ಮೇಲ್ಕಂಡ ಕ್ರಮಗಳನ್ನು ಅನುಸರಿಸುವ ಮೂಲಕ ಸಹಕರಿಸಬೇಕೆಂದು ಸಾರ್ವಜನಿಕರಲ್ಲಿ ಕೋರಲಾಗಿದೆ.